ಯಾವ ಊರಿನ ಪಿಜ್ಜಾ?

ನೇಪಲ್ಸ್‌ನ ವಿಯಾ ದೇಯಿ ತ್ರಿಬುನಾಲಿ ಬೀದಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಎರಡೂ ಬದಿಗೆ ನಾಲ್ಕೈದು ಅಂತಸ್ತಿನ ಹಳೇ ಮನೆಗಳು, ನಡುವೆ ಕಪ್ಪು ಕಲ್ಲು ಹಾಸಿದ ಇಕ್ಕಟ್ಟು ದಾರಿ, ಅದರಲ್ಲೇ ಹಾರ್ನ್ ಹೊಡೆಯುತ್ತ ನುಗ್ಗುವ ಸ್ಕೂಟರ್‌ಗಳು. ಪಿಜ್ಜಾ ಅಂಗಡಿಗಳ ಮುಂದೆ ಜನ ಗುಂಪುಗೂಡಿ ನಿಂತಿರುತ್ತಾರೆ. ಒಳಗಿನಿಂದ ಒಬ್ಬ ಹೆಸರು ಕೂಗುತ್ತಾನೆ. ಕೂಗಿದ್ದು ತಮ್ಮ ಹೆಸರೋ ಅಲ್ಲವೋ ಎಂದು ಪರದೇಶದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಿಂದ ಕಾಲೇಜು ಹುಡುಗರು ನಾಲ್ಕಾಗಿ ಮಡಚಿದ ಪಿಜ್ಜಾವನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಎಣ್ಣೆ ಅಂಗಿಗೆ ಸೋರದಂತೆ ಮುಂದಕ್ಕೆ ಬಾಗಿ ತಿನ್ನುತ್ತ ಹೋಗುತ್ತಾರೆ.

ಅದೇ ಹೊತ್ತಿಗೆ ರೋಮಿನ ಇಲ್ಲವೇ ವೆನಿಸ್‌ನ ಯಾವುದೋ ಹೆಸರಾಂತ ಚೌಕದಲ್ಲಿ ಬೇರೆಯೇ ನೋಟ. ಕೆಂಪು ಚೌಕಳಿಯ ಮೇಜುಬಟ್ಟೆ, ಐದು ಭಾಷೆಯ ಮೆನು, ಪ್ರತಿ ತಿಂಡಿಗೂ ಬಣ್ಣದ ಫೋಟೊ. ಬಾಗಿಲಲ್ಲಿ ನಿಂತವನು ನಮ್ಮವರ ಮುಖ ಕಂಡ ಕೂಡಲೇ ‘ನಮಸ್ತೆ’ ಎಂದು ಕರೆದು ಕೂರಿಸುತ್ತಾನೆ. ಬರುವ ಪಿಜ್ಜಾದ ಅಂಚು ಒಣಗಿರುತ್ತದೆ, ಚೀಸ್ ಆಗಲೇ ಗಟ್ಟಿಯಾಗಿರುತ್ತದೆ, ಬಿಲ್ಲು ಮಾತ್ರ ಕಣ್ಣು ಬಿಡಿಸುವಂತಿರುತ್ತದೆ. ‘ಇದಕ್ಕಿಂತ ನಮ್ಮ ಜಯನಗರದ್ದೇ ವಾಸಿ’ ಎಂದುಕೊಂಡು ಎದ್ದು ಬರುವ ಕುಟುಂಬಗಳಿಗೆ ಕೊರತೆಯಿಲ್ಲ.

ಪಿಜ್ಜಾ ಇಟಲಿಯದು ಎಂದು ನಮಗೆಲ್ಲ ಗೊತ್ತು. ಆ ದೇಶದ ಯಾವ ಊರಿನದು, ಅಲ್ಲಿಯವರು ಅದನ್ನು ಯಾವ ಹೊತ್ತಿಗೆ, ಹೇಗೆ ತಿನ್ನುತ್ತಾರೆ ಎಂದು ವಿಚಾರಿಸುವವರು ಕಡಿಮೆ. ಇಡೀ ಇಟಲಿಗೆ ಒಂದೇ ಪಿಜ್ಜಾ ಅಂತ ಇಲ್ಲವೇ ಇಲ್ಲ. ನೇಪಲ್ಸ್‌ನವರು ಮೆಚ್ಚುವುದನ್ನು ರೋಮಿನವರು ಹಸಿಬಿಸಿ ಎನ್ನುತ್ತಾರೆ, ರೋಮಿನದನ್ನು ನೇಪಲ್ಸ್‌ನವರು ಬಿಸ್ಕತ್ತು ಎನ್ನುತ್ತಾರೆ. ಪ್ರವಾಸಿ ಮೋಸಹೋಗುವುದು ಬಹಳ ಸಲ ಇಲ್ಲಿಯೇ: ಒಂದು ಊರಿನ ತಿಂಡಿಯನ್ನು ಇನ್ನೊಂದು ಊರಿನಲ್ಲಿ ಕೇಳುವುದರಲ್ಲಿ.

ಉದ್ರಿ ಸಿಗುತ್ತಿದ್ದ ತಿಂಡಿ

ಹದಿನೆಂಟು, ಹತ್ತೊಂಬತ್ತನೇ ಶತಮಾನದ ನೇಪಲ್ಸ್ ಯುರೋಪಿನ ದೊಡ್ಡ ನಗರಗಳಲ್ಲಿ ಒಂದು. ಬಂದರಿನ ಹಿಂದಿನ ಗಲ್ಲಿಗಳಲ್ಲಿ ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ. ಒಲೆ ಹೂಡಲು ಜಾಗವಿಲ್ಲ, ಸೌದೆ ಕೊಳ್ಳಲು ದುಡ್ಡಿಲ್ಲ. ಅಂಥವರ ಹೊಟ್ಟೆ ತುಂಬಿಸಿದ್ದು ಬೀದಿಯಲ್ಲಿ ಮಾರುವ ಈ ಹಿಟ್ಟಿನ ತಿಂಡಿ. ಮೇಲೆ ಹಂದಿಕೊಬ್ಬು, ಬೆಳ್ಳುಳ್ಳಿ, ಸಣ್ಣ ಮೀನು. ಅಮೆರಿಕ ಖಂಡದಿಂದ ಬಂದ ಟೊಮೆಟೊ ಬಡವರ ನಾಲಿಗೆಗೆ ಹಿಡಿದ ಮೇಲೆ ಅದೂ ಸೇರಿತು. ಕೈಯಲ್ಲಿದ್ದ ಕಾಸಿಗೆ ತಕ್ಕಷ್ಟು ತುಂಡು ಕತ್ತರಿಸಿ ಕೊಡುತ್ತಿದ್ದರು.

ಹೊರಗಿನವರು ಇದನ್ನು ಕಂಡು ಮೂಗು ಮುರಿದರು. ‘ಪಿನೋಕಿಯೊ’ ಬರೆದ ಕಾರ್ಲೊ ಕೊಲ್ಲೋದಿ 1886ರ ಪುಸ್ತಕವೊಂದರಲ್ಲಿ ಪಿಜ್ಜಾದ ರೂಪವನ್ನೇ ಹೊಲಸೆಂದು ಹೀಗಳೆದಿದ್ದಾನೆ. ನೇಪಲ್ಸ್‌ನ ಪತ್ರಕರ್ತೆ ಮತಿಲ್ದೆ ಸೆರಾವೊ 1884ರಲ್ಲಿ ತನ್ನೂರಿನ ಬಡತನದ ಬಗ್ಗೆ ಬರೆಯುತ್ತ, ರೋಮಿನಲ್ಲಿ ಪಿಜ್ಜಾ ಅಂಗಡಿ ಹಾಕಲು ಹೋಗಿ ಕೈಸುಟ್ಟುಕೊಂಡ ನೇಪಲ್ಸ್‌ನವನೊಬ್ಬನ ಕಥೆ ಹೇಳುತ್ತಾಳೆ. ಆ ಕಾಲಕ್ಕೆ ಪಿಜ್ಜಾ ಇಟಲಿಯದಾಗಿರಲಿಲ್ಲ, ನೇಪಲ್ಸ್‌ನದಷ್ಟೇ ಆಗಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಊರು ಇನ್ನೂ ಬಡವಾಯಿತು. ಸೌದೆ ಒಲೆ, ಮೊಝರೆಲ್ಲಾ ಎರಡೂ ಕೈಗೆಟುಕದಾದಾಗ ಹೆಂಗಸರು ಮನೆ ಬಾಗಿಲಲ್ಲೇ ಬಾಣಲೆ ಇಟ್ಟು ಹಿಟ್ಟನ್ನು ಕರಿದು ಮಾರಿದರು. ಇವತ್ತು ತಿಂದು ಎಂಟು ದಿನಕ್ಕೆ ದುಡ್ಡು ಕೊಡುವ ಉದ್ರಿ ಪದ್ಧತಿಯೂ ಇತ್ತು. 1954ರಲ್ಲಿ ವಿತ್ತೋರಿಯೊ ದೆ ಸೀಕಾ ತೆಗೆದ ‘ನೇಪಲ್ಸ್‌ನ ಚಿನ್ನ’ ಚಿತ್ರದಲ್ಲಿ ಸೋಫಿಯಾ ಲೊರೆನ್ ಮಾರುವುದು ಇದೇ ಕರಿದ ಪಿಜ್ಜಾವನ್ನು. ಹಳೆಯ ಗಲ್ಲಿಗಳಲ್ಲಿ ಅದು ಈಗಲೂ ಸಿಗುತ್ತದೆ.

ರಾಣಿಯ ಕಥೆಯನ್ನು ಎಲ್ಲರೂ ಕೇಳಿರುತ್ತಾರೆ. 1889ರಲ್ಲಿ ರಫಾಯೆಲೆ ಎಸ್ಪೊಸಿತೊ ಎಂಬುವನು ರಾಣಿ ಮಾರ್ಗರಿತಾಳಿಗೆ ಟೊಮೆಟೊ, ಮೊಝರೆಲ್ಲಾ, ಬೇಸಿಲ್ ಹಾಕಿದ ಪಿಜ್ಜಾ ಮಾಡಿಕೊಟ್ಟ, ಇಟಲಿ ಬಾವುಟದ ಮೂರು ಬಣ್ಣದ ಆ ಪಿಜ್ಜಾಕ್ಕೆ ಅವಳ ಹೆಸರು ನಿಂತಿತು ಎಂಬುದು ಆ ಕಥೆ. ಅರಮನೆಯದು ಎನ್ನಲಾದ ಪತ್ರವನ್ನು ನೇಪಲ್ಸ್‌ನ ಬ್ರಾಂದಿ ಅಂಗಡಿ ಇವತ್ತಿಗೂ ಹೆಮ್ಮೆಯಿಂದ ತೋರಿಸುತ್ತದೆ. ಪತ್ರ ಅಸಲಿಯೇ ಎಂಬ ಬಗ್ಗೆ ಇತಿಹಾಸಕಾರರಿಗೆ ಬಲವಾದ ಅನುಮಾನವಿದೆ. ಇಂಥ ಪಿಜ್ಜಾ ಅದಕ್ಕೂ ಹಿಂದೆಯೇ ಊರಲ್ಲಿತ್ತು ಎನ್ನುತ್ತಾರೆ. ಕಥೆ ಚೆನ್ನಾಗಿದೆ, ಇರಲಿ ಬಿಡಿ.

ದಕ್ಷಿಣದ ಜನ ಹೊಟ್ಟೆಪಾಡಿಗೆ ಊರು ಬಿಟ್ಟಾಗಲೇ ಪಿಜ್ಜಾ ಕೂಡ ಊರು ಬಿಟ್ಟಿತು. ನ್ಯೂಯಾರ್ಕ್‌ನ ಲೊಂಬಾರ್ದೀಸ್‌ನಲ್ಲಿ 1905ರಿಂದ ಪಿಜ್ಜಾ ಮಾರಾಟವಾಗುತ್ತಿತ್ತು. ಮಿಲಾನ್, ತುರಿನ್‌ಗಳ ಸಾಮಾನ್ಯ ಜನರಿಗೆ ಅದರ ರುಚಿ ಹತ್ತಿದ್ದು, ಯುದ್ಧದ ನಂತರ ಅಲ್ಲಿನ ಕಾರ್ಖಾನೆಗಳಿಗೆ ದಕ್ಷಿಣದ ಕೂಲಿಗಳು ಬಂದ ಮೇಲೆ. ನಮ್ಮ ಬೆಂಗಳೂರಿಗೆ 1996ರಲ್ಲಿ ಪಿಜ್ಜಾ ಹಟ್ ತಂದದ್ದು ಈ ಅಮೆರಿಕ ಸುತ್ತಿ ಬಂದ ವಂಶವನ್ನು. ದಪ್ಪ ಹಿಟ್ಟು, ಮೇಲೆ ಚೀಸಿನ ರಾಶಿ, ಎಂಟು ತುಂಡು, ಜತೆಗೆ ಮೆಣಸಿನ ಪುಡಿಯ ಪೊಟ್ಟಣ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನೇಪಲ್ಸ್‌ನಲ್ಲಿ ಕುಳಿತವರಿಗೆ ಮೊದಲ ತುತ್ತಿನಲ್ಲಿ ಗಲಿಬಿಲಿಯಾಗುವುದು ಸಹಜ.

ತೊಂಬತ್ತು ಸೆಕೆಂಡಿನ ಕೆಲಸ

ನೇಪಲ್ಸ್‌ನ ಪಿಜ್ಜಾಕ್ಕೆ ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಿಟ್ಟು ಬೇರೇನೂ ಬೀಳುವುದಿಲ್ಲ. ಎಣ್ಣೆ, ಸಕ್ಕರೆ, ಹಾಲು ಯಾವುದೂ ಇಲ್ಲ. ಕಲಸಿದ ಹಿಟ್ಟನ್ನು ಉಂಡೆ ಮಾಡಿ ಗಂಟೆಗಟ್ಟಲೆ, ಕೆಲವೆಡೆ ಇಡೀ ದಿನ, ಹುದುಗಲು ಬಿಡುತ್ತಾರೆ. ಆಮೇಲಿನದು ಕೈಚಳಕ.

ಪಿಜ್ಜಾಯೊಲೊ ಎಂದು ಕರೆಸಿಕೊಳ್ಳುವ ಕೆಲಸಗಾರ ಉಂಡೆಯನ್ನು ಅಮೃತಶಿಲೆಯ ಹಲಗೆ ಮೇಲೆ ಇಟ್ಟು, ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾನೆ. ಅಂಚನ್ನು ಮುಟ್ಟುವುದಿಲ್ಲ. ನಂತರ ಒಂದು ಕೈಯಿಂದ ಇನ್ನೊಂದು ಕೈಗೆ ಮಗುಚುತ್ತ ಹಲಗೆಗೆ ಪಟಪಟ ಬಡಿಯುತ್ತಾನೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ನೋಡಿದವರಿಗೆ ಆ ಸದ್ದು, ಆ ಲಯ ಹೊಸದೆನಿಸದು. ಲಟ್ಟಣಿಗೆ ಮುಟ್ಟಿಸುವಂತಿಲ್ಲ. ಲಟ್ಟಿಸಿದರೆ ಹುದುಗಿದ ಹಿಟ್ಟಿನೊಳಗಿನ ಗಾಳಿಯೆಲ್ಲ ಹೊರಟುಹೋಗುತ್ತದೆ, ಅಂಚು ಉಬ್ಬುವುದಿಲ್ಲ. ಕೈಯಿಂದ ಒತ್ತಿದಾಗ ಆ ಗಾಳಿ ಅಂಚಿಗೆ ಸರಿದು ಅಲ್ಲೇ ಉಳಿಯುತ್ತದೆ.

ಮೇಲೆ ಒಂದು ಸೌಟು ಕಿವುಚಿದ ಟೊಮೆಟೊ, ಬೆರಳಿನಿಂದ ಹರಿದ ಚೀಸ್, ಎರಡು ಮೂರು ಬೇಸಿಲ್ ಎಲೆ, ಒಂದು ಸುತ್ತು ಎಣ್ಣೆ. ಟೊಮೆಟೊವನ್ನು ಮೊದಲೇ ಬೇಯಿಸಿ ಸಾಸ್ ಮಾಡುವುದಿಲ್ಲ. ಅದು ಬೇಯುವುದು ಒಲೆಯೊಳಗೆ, ಪಿಜ್ಜಾದ ಜತೆಗೇ.

ಒಲೆ ಇಟ್ಟಿಗೆಯ ಗುಮ್ಮಟ, ಬಾಯಿ ತಗ್ಗು. ಒಂದು ಬದಿಗೆ ಸೌದೆ ಉರಿಯುತ್ತಿರುತ್ತದೆ. ಒಳಗಿನ ಶಾಖ ಸುಮಾರು 485 ಡಿಗ್ರಿ ಸೆಲ್ಸಿಯಸ್. ಕೆಳಗಿನಿಂದ ಕಾದ ನೆಲ, ಮೇಲಿನಿಂದ ಗುಮ್ಮಟದ ಕಾವು, ಸುತ್ತ ಸುಳಿಯುವ ಬಿಸಿಗಾಳಿ. ಈ ಮೂರೂ ಒಟ್ಟಿಗೆ ತಾಗುವುದರಿಂದ ಹಿಟ್ಟಿನ ತೇವ ಒಮ್ಮೆಲೇ ಉಗಿಯಾಗಿ ಅಂಚು ಪುಸ್ಸನೆ ಎದ್ದು ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಪಿಜ್ಜಾ ಒಳಗಿರುವುದು 60ರಿಂದ 90 ಸೆಕೆಂಡು ಅಷ್ಟೇ. ಉದ್ದ ಹಿಡಿಕೆಯ ಸಣ್ಣ ಮೊಗಚೆಯಿಂದ ಒಮ್ಮೆ ತಿರುಗಿಸಿ ಎಳೆದರೆ ಮುಗಿಯಿತು. ಮನೆಯ ಓವನ್ನು 250 ಡಿಗ್ರಿಗೆ ನಿಂತುಬಿಡುತ್ತದೆ. ಅಲ್ಲಿ ಹತ್ತು ನಿಮಿಷ ಬೇಯುವಷ್ಟರಲ್ಲಿ ಹಿಟ್ಟು ಒಣಗಿ ಗಟ್ಟಿಯಾಗುತ್ತದೆ.

ಇಷ್ಟು ಬೇಗ ಬೆಂದದ್ದರ ನಡುಭಾಗ ಮೆತ್ತಗಿರುತ್ತದೆ, ತೇವವಾಗಿರುತ್ತದೆ. ತುಂಡು ಎತ್ತಿದರೆ ತುದಿ ಜೋತುಬೀಳುತ್ತದೆ. ‘ಬೆಂದಿಲ್ಲ, ವಾಪಸ್ ತಗೊಂಡು ಹೋಗಿ’ ಎನ್ನುವ ಪ್ರವಾಸಿಗಳನ್ನು ನೇಪಲ್ಸ್‌ನ ಮಾಣಿಗಳು ದಿನಾ ನೋಡುತ್ತಿರುತ್ತಾರೆ. ಅದು ಹಾಗೆಯೇ ಇರಬೇಕಾದ್ದು. ಚಾಕು ಫೋರ್ಕ್ ಹಿಡಿದು, ಬಿಸಿ ಆರುವ ಮೊದಲು ತಿನ್ನಬೇಕು. ಪಾರ್ಸೆಲ್ ಡಬ್ಬಿಯೊಳಗೆ ಇಪ್ಪತ್ತು ನಿಮಿಷ ಕೂತರೆ ಎಷ್ಟು ಒಳ್ಳೆಯದೂ ಹಾಳೇ.

ನಿಯಮ ಬರೆದವರು, ಪಾಲಿಸದವರು

ಊರೂರಲ್ಲಿ ನೇಪಲ್ಸ್ ಹೆಸರಿನಲ್ಲಿ ಏನೇನೋ ಮಾರುವುದು ಕಂಡು, ಅಲ್ಲಿನ ಪಿಜ್ಜಾದವರು 1984ರಲ್ಲಿ ‘ನಿಜವಾದ ನೇಪಲ್ಸ್ ಪಿಜ್ಜಾ’ದ ಸಂಘ ಕಟ್ಟಿದರು. 2010ರಲ್ಲಿ ಯುರೋಪಿಯನ್ ಒಕ್ಕೂಟ ಇದನ್ನು ಸಾಂಪ್ರದಾಯಿಕ ತಿನಿಸು ಎಂದು ನೋಂದಾಯಿಸಿತು. ಅಡ್ಡಳತೆ 35 ಸೆಂಟಿಮೀಟರ್ ಮೀರಬಾರದು, ಅಂಚು ಒಂದರಿಂದ ಎರಡು ಸೆಂಟಿಮೀಟರ್ ಇರಬೇಕು ಎಂಬುದೆಲ್ಲ ಕಡತದಲ್ಲಿದೆ. 2017ರ ಡಿಸೆಂಬರ್‌ನಲ್ಲಿ ಯುನೆಸ್ಕೊ ನೇಪಲ್ಸ್‌ನ ಪಿಜ್ಜಾಯೊಲೊಗಳ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಿ, ಪಟ್ಟಿಗೆ ಸೇರಿದ್ದು ಮಾಡುವವರ ಕಸುಬು.

ಸಂಘದ ಫಲಕ ನೇತುಹಾಕಿದ ಅಂಗಡಿಯಲ್ಲಿ ತೀರಾ ಕೆಟ್ಟ ಪಿಜ್ಜಾ ಸಿಗುವುದು ಅಪರೂಪ. ಫಲಕವಿಲ್ಲದ್ದೆಲ್ಲ ಕೆಟ್ಟದ್ದು ಎಂದೇನೂ ಅಲ್ಲ. 1870ರಲ್ಲಿ ಶುರುವಾದ ದಾ ಮಿಕೇಲೆ ಅಂಗಡಿಯನ್ನೇ ನೋಡಿ. ಬಹುಕಾಲ ಎರಡೇ ಬಗೆ, ಮಾರ್ಗರಿತಾ ಮತ್ತು ಮರಿನಾರಾ, ಮಾಡುತ್ತಿದ್ದ ಅಂಗಡಿ. ಆಲಿವ್ ಎಣ್ಣೆಯ ಬದಲು ಬೀಜದ ಎಣ್ಣೆ ಹಾಕುತ್ತದೆ, ಪಿಜ್ಜಾ ತಟ್ಟೆ ಮೀರಿ ಹೊರಚಾಚಿರುತ್ತದೆ. ಜೂಲಿಯಾ ರಾಬರ್ಟ್ಸ್ 2010ರ ಚಿತ್ರವೊಂದರಲ್ಲಿ ಇಲ್ಲಿ ಕುಳಿತು ತಿಂದ ಮೇಲಂತೂ ಬಾಗಿಲಲ್ಲಿ ಚೀಟಿ ತೆಗೆದುಕೊಂಡು ಗಂಟೆಗಟ್ಟಲೆ ಕಾಯಬೇಕು. ಅಷ್ಟು ಕಾಯುವ ಅಗತ್ಯ ನನಗಂತೂ ಕಾಣದು. ತ್ರಿಬುನಾಲಿ ಬೀದಿಯ ದಿ ಮತ್ತೇವೊದಲ್ಲಿ ಮಡಚಿದ ಪಿಜ್ಜಾ ನಿಂತಲ್ಲೇ ಸಿಗುತ್ತದೆ. 1994ರಲ್ಲಿ ಜಿ-7 ಸಭೆಗೆ ಬಂದಿದ್ದ ಬಿಲ್ ಕ್ಲಿಂಟನ್ ತಿಂದದ್ದೂ ಅಲ್ಲಿಯದನ್ನೇ.

ಸಮಯ, ಗಾಡಿ ಎರಡೂ ಇದ್ದವರು ಕಸೆರ್ತಾ ಜಿಲ್ಲೆಯ ಗುಡ್ಡದ ಮೇಲಿನ ಕಾಯಾಜ್ಜೊಗೆ ಹೋಗಿಬರಬಹುದು. ಫ್ರಾಂಕೊ ಪೆಪೆ 2012ರಲ್ಲಿ ಅಲ್ಲಿ ತೆರೆದ ಅಂಗಡಿಯಲ್ಲಿ ಹಿಟ್ಟನ್ನು ಯಂತ್ರವಿಲ್ಲದೆ ಮರದ ತೊಟ್ಟಿಯಲ್ಲಿ ಕೈಯಿಂದಲೇ ನಾದುತ್ತಾರೆ. ಪ್ರವಾಸಿಗಳು ತಲೆ ಹಾಕದಿದ್ದ ಊರಿಗೆ ಈಗ ಪಿಜ್ಜಾಕ್ಕೆಂದೇ ಜನ ಬರುತ್ತಾರೆ. ಮುಂಚೆಯೇ ಜಾಗ ಕಾದಿರಿಸದೆ ಹೋಗಬೇಡಿ.

ರೋಮಿನಲ್ಲಿ ಕತ್ತರಿ, ತಕ್ಕಡಿ

ರೋಮಿಗೆ ಬಂದರೆ ಲೆಕ್ಕವೇ ಬೇರೆ. ಮೇಜಿಗೆ ಕೂತು ತಿನ್ನುವ ದುಂಡು ಪಿಜ್ಜಾವನ್ನು ಇಲ್ಲಿ ಲಟ್ಟಿಸುತ್ತಾರೆ. ಕಾಗದದಷ್ಟು ತೆಳು, ಅಂಚಿನವರೆಗೂ ಗರಿಗರಿ. ನೇಪಲ್ಸ್‌ನದು ಹಸಿ ಎನಿಸಿದವರಿಗೆ ಇದೇ ಹಿಡಿಸೀತು. ತ್ರಸ್ತೇವೆರೆ ಬಡಾವಣೆಯ ಐ ಮಾರ್ಮಿ ಅಂಗಡಿಯ ಮೇಜುಗಳೆಲ್ಲ ಅಮೃತಶಿಲೆಯವಾದ್ದರಿಂದ ಊರವರು ತಮಾಷೆಗೆ ಅದನ್ನು ‘ಹೆಣದ ಮನೆ’ ಎನ್ನುತ್ತಾರೆ. ಊಟಕ್ಕೆ ಮಾತ್ರ ಅಲ್ಲಿಗೇ ಹೋಗುತ್ತಾರೆ.

ಹಗಲು ಹೊತ್ತಿನ ರೋಮಿನದು ಇನ್ನೊಂದು ಬಗೆ: ತುಂಡು ಪಿಜ್ಜಾ. ಗಾಜಿನ ಹಿಂದೆ ಉದ್ದುದ್ದ ತಟ್ಟೆಗಳಲ್ಲಿ ಆಲೂಗೆಡ್ಡೆ, ಕುಂಬಳ ಹೂವು, ಬರಿಯ ಟೊಮೆಟೊ ಹಾಕಿದವು ಸಾಲಾಗಿರುತ್ತವೆ. ಭಾಷೆ ಬರದಿದ್ದರೂ ತೊಂದರೆಯಿಲ್ಲ. ಎಷ್ಟು ಬೇಕೆಂದು ಬೆರಳಲ್ಲಿ ತೋರಿಸಿದರೆ ಅಷ್ಟನ್ನು ಕತ್ತರಿಯಿಂದ ಕತ್ತರಿಸಿ, ತಕ್ಕಡಿಗೆ ಹಾಕಿ, ಬಿಸಿ ಮಾಡಿ ಕೊಡುತ್ತಾರೆ. ಬೆಲೆ ತೂಕದ ಮೇಲೆ. ಒಂದೊಂದರಲ್ಲೂ ಸಣ್ಣ ತುಂಡು ಕೇಳಿದರೆ ನಾಲ್ಕು ಬಗೆ ರುಚಿ ನೋಡಬಹುದು. ವ್ಯಾಟಿಕನ್ ಮ್ಯೂಸಿಯಂ ನೋಡಿ ಸುಸ್ತಾದವರು ಸ್ವಲ್ಪ ನಡೆದರೆ ಗಾಬ್ರಿಯೆಲೆ ಬೊಂಚಿಯ ಪಿಜ್ಜಾರಿಯಮ್ ಸಿಗುತ್ತದೆ; ಈ ಬಡಪಾಯಿ ತುಂಡು ಪಿಜ್ಜಾಕ್ಕೆ ಮರ್ಯಾದೆ ತಂದುಕೊಟ್ಟ ಅಂಗಡಿಗಳಲ್ಲಿ ಅದೇ ಮುಂದು. ಬೇಕರಿಗಳಲ್ಲಿ ಸಿಗುವ ಬಿಳಿ ಪಿಜ್ಜಾ, ಅಂದರೆ ಬರೀ ಎಣ್ಣೆ ಉಪ್ಪು ಸವರಿದ್ದು, ರೋಮಿನವರ ನಿತ್ಯದ ತಿಂಡಿ.

ಮಿಕ್ಕ ಊರುಗಳಿಗೂ ತಮ್ಮ ತಮ್ಮದಿದೆ. ಪಲೆರ್ಮೊದಲ್ಲಿ ಈರುಳ್ಳಿ, ಬ್ರೆಡ್ ಪುಡಿ ಹಾಕಿದ ದಪ್ಪ ಸ್ಫಿಂಚೋನೆ, ಜೆನೋವಾ ಕಡೆ ಫೊಕಾಚಾ. ವೆನಿಸ್‌ನ ಹಳೆಯ ನಗರದಲ್ಲಿ ಬೆಂಕಿಯ ಭಯದಿಂದ ಸೌದೆ ಒಲೆಗಳಿಗೆ ಮೊದಲಿನಿಂದಲೂ ಕಟ್ಟುಪಾಡು. ಅಲ್ಲಿ ಪಿಜ್ಜಾ ಹುಡುಕುವ ಹಟ ಯಾಕೆ? ರೋಮಿನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ನಿಮಿಷ. ಪಿಜ್ಜಾದ ಆಸೆ ಇದ್ದರೆ ಒಂದು ಮಧ್ಯಾಹ್ನವನ್ನು ಅದಕ್ಕೆಂದೇ ಎತ್ತಿಡುವುದು ಜಾಣತನ.

ಬರೀ ಸೊಪ್ಪು ತರಕಾರಿ ಅಂದುಕೊಂಡರೆ

ನಮ್ಮಲ್ಲಿನ ಸಸ್ಯಾಹಾರಿಗಳು ಮಾರ್ಗರಿತಾ ಎಂದು ಹೇಳಿ ನಿಶ್ಚಿಂತೆಯಾಗುತ್ತಾರೆ. ಮಾಂಸ ಮುಟ್ಟದವರಿಗೆ ಅಷ್ಟು ಸಾಕು. ಕಟ್ಟುನಿಟ್ಟಿನವರು ಒಂದು ವಿಷಯ ತಿಳಿದಿರಬೇಕು. ಎಮ್ಮೆ ಹಾಲಿನ ಅಸಲಿ ಮೊಝರೆಲ್ಲಾ ಮಾಡುವಾಗ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್; ನಿಯಮವೇ ಹಾಗೆ. ಪಾರ್ಮಿಜಾನೊ ಚೀಸ್‌ಗೂ ಅದೇ.

ಚೀಸ್ ಬೇಡದವರಿಗೆ ಮರಿನಾರಾ ಇದೆ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಹೆಸರಿನಲ್ಲಿ ಸಮುದ್ರವಿದ್ದರೂ ಮೀನಿಲ್ಲ. ಅಂಗಡಿಯ ಯೋಗ್ಯತೆ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ ಎಂಬುದು ನನ್ನ ಅಭಿಪ್ರಾಯ: ಹಿಟ್ಟು ಹುದುಗಿಲ್ಲದಿದ್ದರೆ, ಟೊಮೆಟೊ ಹುಳಿಯಾಗಿದ್ದರೆ ಮುಚ್ಚಿಡಲು ಚೀಸೇ ಇಲ್ಲ. ಮೆನುವಿನಲ್ಲಿ ಎಲ್ಲಕ್ಕಿಂತ ಅಗ್ಗವೂ ಸಾಮಾನ್ಯವಾಗಿ ಇದೇ.

ಮೋಸಹೋಗುವುದು ಕುಂಬಳ ಹೂವಿನ ಪಿಜ್ಜಾದಲ್ಲಿ. ರೋಮಿನಲ್ಲಿ ಹಳದಿ ಹೂವು ಹರಡಿದ್ದು ಕಂಡು ತರಕಾರಿಯದೇ ಎಂದು ಕೊಂಡರೆ, ಎಸಳಿನ ಕೆಳಗೆ ಉಪ್ಪು ಹಾಕಿದ ಸಣ್ಣ ಮೀನಿನ ಎಳೆಗಳಿರುತ್ತವೆ. ‘ಸೆಂತ್ಸಾ ಅಲೀಚಿ’, ಮೀನಿಲ್ಲದೆ, ಎಂದು ಮೊದಲೇ ಹೇಳಬೇಕು. ನೇಪಲ್ಸ್‌ನ ಕರಿದ ಪಿಜ್ಜಾದ ಹೊಟ್ಟೆಯೊಳಗೆ ರಿಕೋತ್ತಾ ಚೀಸಿನ ಜತೆ ಹಂದಿಕೊಬ್ಬಿನ ಚೂರು ಇರುವುದೇ ರೂಢಿ, ಸ್ಫಿಂಚೋನೆಯಲ್ಲೂ ಮೀನಿದೆ. ಖಾರ ಬೇಕೆಂದು ದಿಯಾವೊಲಾ ಹೇಳಿದರೆ ಬರುವುದು ಖಾರದ ಹಂದಿ ಸಾಸೇಜು ಹಾಕಿದ್ದು. ಖಾರವಿಲ್ಲದೆ ಆಗದವರು ‘ಓಲಿಯೊ ಪಿಕಾಂತೆ’ ಕೇಳಿ ಪಡೆಯಿರಿ, ಮೆಣಸಿನಕಾಯಿ ನೆನೆಹಾಕಿದ ಎಣ್ಣೆ ಅದು. ಟೊಮೆಟೊ ಕೆಚಪ್ ಮಾತ್ರ ಕೇಳಬೇಡಿ.

ಹೊತ್ತು, ಬಿಲ್ಲು

ಇಟಲಿಯವರಿಗೆ ಪಿಜ್ಜಾ ಮುಖ್ಯವಾಗಿ ರಾತ್ರಿಯೂಟ. ಒಳ್ಳೆಯ ಅಂಗಡಿಗಳು ಮಧ್ಯಾಹ್ನದ ಊಟ ಮುಗಿಸಿ ಮೂರರ ಹೊತ್ತಿಗೆ ಬಾಗಿಲು ಹಾಕಿ, ಸಂಜೆ ಏಳರ ಮೇಲೆ ಮತ್ತೆ ತೆರೆಯುತ್ತವೆ. ಸಂಜೆ ಐದಕ್ಕೆ ಜನ ಕೂರಿಸಿ ಪಿಜ್ಜಾ ಬಡಿಸುವ ಅಂಗಡಿ ನಡೆಯುತ್ತಿರುವುದು ಊರವರಿಂದಲ್ಲ. ಮೆನು ಕಣ್ಣಾಡಿಸಿದರೂ ಸುಳಿವು ಸಿಗುತ್ತದೆ: ಪಿಜ್ಜಾ, ಹತ್ತಾರು ಬಗೆ ಪಾಸ್ತಾ, ಮೀನು, ಬರ್ಗರ್ ಎಲ್ಲವೂ ಇದ್ದರೆ ಮುಂದಕ್ಕೆ ನಡೆಯಿರಿ. ಒಲೆ ಎಲ್ಲಿದೆ ಎಂದು ಇಣುಕಿ ನೋಡುವುದಕ್ಕೂ ಯಾರೂ ಬೇಸರಿಸುವುದಿಲ್ಲ.

ಒಬ್ಬರಿಗೆ ಒಂದು ಪಿಜ್ಜಾ ಎಂಬುದು ಅಲ್ಲಿನ ವಾಡಿಕೆ. ನಾಲ್ವರು ಕೂತು ಒಂದನ್ನು ಹಂಚಿಕೊಂಡರೆ ಮಾಣಿಯ ಮುಖ ಸಣ್ಣದಾಗುತ್ತದೆ. ಹಿಟ್ಟು ಚೆನ್ನಾಗಿ ಹುದುಗಿದ್ದರೆ ಇಡೀ ಪಿಜ್ಜಾ ತಿಂದರೂ ಹೊಟ್ಟೆ ಭಾರವಾಗದು. ನೇಪಲ್ಸ್‌ನಲ್ಲಿ ಮಾರ್ಗರಿತಾ ಸಾಮಾನ್ಯವಾಗಿ 5ರಿಂದ 8 ಯೂರೊ. ಮಿಲಾನ್, ವೆನಿಸ್‌ಗಳಲ್ಲಿ ಅದಕ್ಕಿಂತ ಹೆಚ್ಚು. ಬಿಲ್ಲಿನ ಕೊನೆಗೆ ‘ಕೊಪೆರ್ತೊ’ ಎಂದು ತಲೆಗೆ ಒಂದೆರಡು ಯೂರೊ ಸೇರಿರುತ್ತದೆ. ಅದು ಮೇಜಿಗೆ ಕೂತ ಬಾಬ್ತು, ಜಗಳ ಮಾಡಿ ಫಲವಿಲ್ಲ. ನೀರೂ ಬಾಟಲಿಯದೇ, ಅದಕ್ಕೂ ದುಡ್ಡು. ಟಿಪ್ಸ್ ಕೊಡಲೇಬೇಕೆಂದಿಲ್ಲ.

ಆಗಸ್ಟ್‌ನಲ್ಲಿ ಹೋಗುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. 15ಕ್ಕೆ ಬರುವ ಅಲ್ಲಿನ ಹಬ್ಬದ ಹಿಂದುಮುಂದಿನ ವಾರಗಳಲ್ಲಿ ಊರವರು ಸಮುದ್ರತೀರಕ್ಕೆ ರಜೆ ಹೋಗುತ್ತಾರೆ, ಮನೆತನದವರು ನಡೆಸುವ ಅಂಗಡಿಗಳೂ ಮುಚ್ಚುತ್ತವೆ. ನೇಪಲ್ಸ್‌ನ ಹಳೆಯ ಅಂಗಡಿಗಳಲ್ಲಿ ಕೆಲವು ಭಾನುವಾರವೂ ರಜೆ ಮಾಡುತ್ತವೆ. ಪಟ್ಟಿ ಹಿಡಿದು ಹೊರಡುವ ಮುನ್ನ ಹೋಟೆಲಿನವರಿಂದ ಒಂದು ಫೋನು ಮಾಡಿಸಿ ಕೇಳಿಕೊಂಡರೆ ಅಷ್ಟು ದೂರ ನಡೆಯುವುದು ತಪ್ಪುತ್ತದೆ.